ಸ್ಕೂಟರ್ ಸೀಟು ಮೆತ್ತಗಿದ್ದರೂ ನೋವೇಕೆ?

ಪ್ರಶ್ನೆ: ಕುಷ್ಟಗಿಯಿಂದ ಗಂಗಾವತಿಗೆ ಸ್ಕೂಟರ್ ಮೇಲೆ ಹೋದರೆ ಕೂತಲ್ಲೆಲ್ಲ ನೋವು. ಬೈಕಿನಲ್ಲಿ ಇಷ್ಟಿಲ್ಲ. ಸೀಟು ಮೆತ್ತಗೇ ಇದೆಯಲ್ಲ?

ಉತ್ತರ: ತೀರಾ ಮೆತ್ತಗಿರುವುದೇ ತೊಂದರೆ. ಕೂತಾಗ ಮೈಭಾರ ಕುಂಡಿಯ ಎರಡು ಮೂಳೆಗಳ ಮೇಲೆ ಬೀಳುತ್ತದೆ. ಮೆತ್ತನೆಯ ಫೋಮ್ ಸ್ವಲ್ಪ ಹೊತ್ತಿಗೇ ಅಮುಕಿಹೋಗಿ, ಕೆಳಗಿನ ಗಟ್ಟಿ ತಳ ಮೂಳೆಗೆ ಒತ್ತುತ್ತದೆ. ಬೈಕಿನಲ್ಲಿ ತಗ್ಗು ಕಂಡರೆ ಫುಟ್‌ರೆಸ್ಟ್ ಮೇಲೆ ಕಾಲೂರಿ ತುಸು ಏಳಬಹುದು. ಸ್ಕೂಟರಿನಲ್ಲಿ ಕಾಲು ಮುಂದಿರುವುದರಿಂದ ಅದು ಕಷ್ಟ. ಹೊಡೆತ ನೇರ ಬೆನ್ನಿಗೇ. ಜೊತೆಗೆ ಸ್ಕೂಟರಿನ ಚಿಕ್ಕ ಗಾಲಿ ಸಣ್ಣ ತಗ್ಗಿಗೂ ಇಳಿಯುತ್ತದೆ.

ಸೀಟು ಹೊಲಿಯುವವರಲ್ಲಿ ಗಟ್ಟಿ ಫೋಮ್ ಹಾಕಿಸಿ, ಮೇಲೆ ಮಾತ್ರ ತೆಳುವಾಗಿ ಮೆತ್ತನೆಯದು ಸಾಕು. ಟೈರಿಗೆ ಕಂಪನಿ ಹೇಳಿದಷ್ಟೇ ಗಾಳಿ ಇರಲಿ. ಬಿಸಿಲಿಗೆ ಕಾಯುವ ರೆಕ್ಸಿನ್ ಮೇಲೆ ಹತ್ತಿ ಬಟ್ಟೆಯ ಕವರ್ ಹಾಕಿ. ದಾರಿಯ ತಾವರಗೇರಾ, ಕನಕಗಿರಿಯಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಒತ್ತಡ ಬಿದ್ದಲ್ಲಿ ರಕ್ತ ಮತ್ತೆ ಸಲೀಸಾಗಿ ಹರಿಯುತ್ತದೆ.