ಮದುವೆ ಉಂಗುರ: ಕೊಳ್ಳೋ ಮೊದಲು ನಾಲ್ಕು ಮಾತು



ತೊಗರಿ ರಾಶಿ ಮುಗಿದು ಕೈಯಾಗ ನಾಲ್ಕು ಕಾಸು ಬಂತೆಂದರೆ ನಮ್ಮ ಜೇವರ್ಗಿ ಕಡೆ ಮದುವೆ ಮಾತು ಶುರುವಾಗುತ್ತವೆ. ತಾಳಿ, ಕಾಲುಂಗುರ, ಜವಳಿ ಜೊತೆಗೆ ಉಂಗುರವೂ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಚರ್ಚಿನಲ್ಲಿ ಮದುವೆಯಾಗುವ ಹುಡುಗ-ಹುಡುಗಿ ಗುರುಗಳ ಮುಂದೆ ಉಂಗುರ ತೊಡಿಸಿಕೊಳ್ಳುತ್ತಾರೆ. ಉಳಿದ ಎಷ್ಟೋ ಮನೆಗಳಲ್ಲಿ ನಿಶ್ಚಯದ ದಿನ ಉಂಗುರ ಹಾಕುವ ರೂಢಿ ಬಂದಿದೆ.

ತಾಳಿಗೆ ಹತ್ತು ಸಲ ವಿಚಾರ ಮಾಡುವ ನಾವು ಉಂಗುರವನ್ನು ಕಡೇ ಗಳಿಗೆಯಲ್ಲಿ, ಗಡಿಬಿಡಿಯಲ್ಲಿ ತರುತ್ತೇವೆ. "ಸಣ್ಣ ಒಡವಿ, ಅದಕ್ಕೇನ್ ನೋಡೋದೈತ್ರಿ?" ಅನ್ನುತ್ತೇವೆ. ಆದರೆ ಮೋಸ ಹೋಗುವುದು ಈ ಸಣ್ಣ ಒಡವೆಯಲ್ಲೇ ಸುಲಭ. ಹಾಗಾಗಿ ಈ ನಾಲ್ಕು ಮಾತು ನೆನಪಿಡಿ.

1. ಎಷ್ಟು ರೊಕ್ಕದ್ದು ಅಂತ ಮನೆಯಲ್ಲೇ ತೀರ್ಮಾನಿಸಿ

ಅಂಗಡಿಯಲ್ಲಿ ಕುಂತ ಮೇಲೆ ತೀರ್ಮಾನ ಮಾಡಬೇಡಿ. ದೀಪದ ಬೆಳಕಿನಲ್ಲಿ ಎಲ್ಲವೂ ಚಂದ ಕಾಣುತ್ತದೆ. ಸಂಘದಿಂದ 20,000 ರೂಪಾಯಿ ಸಾಲ ತೆಗೆದಿರಿ ಅನ್ನಿ. ಬಡ್ಡಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಇದ್ದರೆ ತಿಂಗಳಿಗೆ 400 ರೂಪಾಯಿ. ಅಸಲು ಹಾಗೇ ಉಳಿದರೆ ವರ್ಷಕ್ಕೆ 4,800 ರೂಪಾಯಿ ಬಡ್ಡಿಗೇ ಹೋಯಿತು. ಎಮ್ಮೆಗೋ, ಹೊಲಿಗೆ ಯಂತ್ರಕ್ಕೋ ತೆಗೆದ ಸಾಲ ದುಡಿದು ಕೊಡುತ್ತದೆ. ಉಂಗುರ ದುಡಿಯುವುದಿಲ್ಲ.

ಇನ್ನೊಂದು ಮಾತು. "ಅಳಿಯಗ ಒಂದ್ ತೊಲಿ ಉಂಗುರ ಹಾಕಲೇಬೇಕು" ಅಂತ ಬೀಗರು ಪಟ್ಟು ಹಿಡಿದರೆ ಅದು ಉಡುಗೊರೆ ಅಲ್ಲ, ವರದಕ್ಷಿಣೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೇಳುವುದು, ಕೊಡುವುದು, ತೆಗೆದುಕೊಳ್ಳುವುದು ಮೂರೂ ಅಪರಾಧ. ಪ್ರೀತಿಯಿಂದ ಕೊಟ್ಟ ಉಡುಗೊರೆಗಳನ್ನೂ ಪಟ್ಟಿ ಮಾಡಿ ಬರೆದಿಡಬೇಕೆಂದು 1985ರ ನಿಯಮ ಹೇಳುತ್ತದೆ. ಇಂಥ ಒತ್ತಾಯ ಬಂದ ಮನೆಯವಳು ಒಬ್ಬಳೇ ಅಳುತ್ತ ಕೂಡಬಾರದು, ಸಂಘದ ಮುಂದೆ ಹೇಳಬೇಕು. ಮಹಿಳಾ ಸಹಾಯವಾಣಿ 181 ಇದೆ.

2. ನಮೂನೆ ಕೈಗೆ ಒಗ್ಗಬೇಕು

ಈಗಿನ ಹುಡುಗರು ಮೊಬೈಲಿನಲ್ಲಿ ಚಿತ್ರ ತೋರಿಸಿ "ಇಂಥಾದ್ದೇ ಬೇಕವ್ವಾ" ಅನ್ನುತ್ತಾರೆ. ದೂರದ ಐರ್ಲೆಂಡ್ ದೇಶದ ಉಂಗುರಗಳೂ ಅದರಲ್ಲಿ ಬರುತ್ತವೆ. ಅಲ್ಲಿನ ಗಾಲ್ವೇ ಪಟ್ಟಣದ ಹತ್ತಿರ ಕ್ಲಾಡಾ ಅಂತ ಮೀನುಗಾರರ ಊರಿತ್ತು. ಆ ಹೆಸರಿನ ಉಂಗುರದಲ್ಲಿ ಎರಡು ಕೈ ಸೇರಿ ಒಂದು ಹೃದಯ ಹಿಡಿದಿರುತ್ತವೆ, ಮೇಲೆ ಕಿರೀಟ. ಕೈ ಅಂದರೆ ಗೆಳೆತನ, ಹೃದಯ ಅಂದರೆ ಪ್ರೀತಿ, ಕಿರೀಟ ಅಂದರೆ ನಿಷ್ಠೆ. ಇನ್ನೊಂದು ನಮೂನೆಯಲ್ಲಿ ಒಂದೇ ಎಳೆ ಗಂಟು ಹಾಕುತ್ತ ಸುತ್ತ ತಿರುಗಿ ಮೊದಲಿನ ಜಾಗಕ್ಕೇ ಬರುತ್ತದೆ. ನಾವು ಅಂಗಳದಲ್ಲಿ ಚುಕ್ಕಿ ಇಟ್ಟು ಸುತ್ತುವ ಎಳೆ ರಂಗೋಲಿ ಇದ್ದಂತೆ, ಮೊದಲಿಲ್ಲ, ಕೊನೆಯಿಲ್ಲ.

ಅರ್ಥ ಚಂದ ಇದೆ. ಆದರೆ ಕೊಳ್ಳುವಾಗ ಎರಡು ಸಂಗತಿ ನೋಡಿ. ಸುತ್ತಲೂ ಕೆತ್ತನೆ ಇರುವ ಉಂಗುರ ಮುಂದೆ ಬಿಗಿಯಾದರೆ ಕತ್ತರಿಸಿ ದೊಡ್ಡದು ಮಾಡುವುದು ಕಷ್ಟ, ನಮೂನೆ ಕೆಡುತ್ತದೆ. ಹಿಂಬದಿ ಸಾದಾ ಪಟ್ಟಿ ಇದ್ದರೆ ಪತ್ತಾರರು ಅಲ್ಲಿ ಕತ್ತರಿಸಿ, ತುಂಡು ಸೇರಿಸಿ ಬೆಸೆಯಬಹುದು. ಎರಡನೆಯದು, ಹತ್ತಿ ಬಿಡಿಸುವ, ಪಾತ್ರೆ ತಿಕ್ಕುವ ಕೈಗೆ ಎತ್ತರದ ಹೂವು, ಚೂಪು ಅಂಚು ಬೇಡ. ದಾರಕ್ಕೆ ಸಿಕ್ಕುತ್ತದೆ, ಸಂದಿಯಲ್ಲಿ ಹಿಟ್ಟು ಕೂಡುತ್ತದೆ. ನುಣುಪಾದ, ಗಟ್ಟಿ ಪಟ್ಟಿ ಉಂಗುರ ಬಾಳಿಕೆ ಬರುತ್ತದೆ.

ಅಳತೆಯನ್ನು ಸಂಜೆ ಹೊತ್ತು ಕೊಡಿ. ಮುಂಜಾನೆ ತಂಪಿನಲ್ಲಿ ಬೆರಳು ಸಣ್ಣಗಿರುತ್ತದೆ, ಬಿಸಿಲಿಗೆ, ಕೆಲಸಕ್ಕೆ ಊದುತ್ತದೆ. ಉಂಗುರ ಬೆರಳಿನ ಗಂಟು ದಾಟಬೇಕು, ಆದರೆ ಸಾಬೂನು ಹಚ್ಚಿದಾಗ ಜಾರಿ ಬೀಳಬಾರದು.

3. ಮುದ್ರೆ ನೋಡಿ

24 ಕ್ಯಾರೆಟ್ ಅಪರಂಜಿ ಮೆತ್ತಗೆ, ಉಂಗುರ ಸೊಟ್ಟಾಗುತ್ತದೆ. ಅದಕ್ಕೇ ಬೇರೆ ಲೋಹ ಬೆರೆಸುತ್ತಾರೆ. 22 ಕ್ಯಾರೆಟ್ ಅಂದರೆ ಸಾವಿರ ಭಾಗದಲ್ಲಿ 916 ಭಾಗ ಬಂಗಾರ, 18 ಕ್ಯಾರೆಟ್ ಅಂದರೆ 750 ಭಾಗ. 18 ಕ್ಯಾರೆಟ್ ಹೆಚ್ಚು ಗಟ್ಟಿ, ಬೆಲೆಯೂ ಕಡಿಮೆ. ತಪ್ಪೇನಿಲ್ಲ, ಆದರೆ 18 ತಗೊಂಡು 22ರ ರೊಕ್ಕ ಕೊಡಬಾರದು.

ಹಾಲ್‌ಮಾರ್ಕ್ 2021ರ ಜೂನ್ ತಿಂಗಳಿಂದ ಹಂತಹಂತವಾಗಿ ಜಿಲ್ಲೆಗಳಲ್ಲಿ ಕಡ್ಡಾಯವಾಗಿದೆ. ಉಂಗುರದ ಒಳಮೈಯಲ್ಲಿ ಮೂರು ಗುರುತು ಇರಬೇಕು: ಬಿಐಎಸ್ ತ್ರಿಕೋನ ಚಿಹ್ನೆ, 22ಕೆ916 ಎಂಬಂಥ ಶುದ್ಧತೆಯ ಗುರುತು, ಮತ್ತು ಅಕ್ಷರ-ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ ಸಂಖ್ಯೆ. 2023ರ ಏಪ್ರಿಲ್ 1ರಿಂದ ಈ ಸಂಖ್ಯೆ ಇಲ್ಲದ ಹಳೇ ಹಾಲ್‌ಮಾರ್ಕಿನ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಮಗನ ಫೋನಿನಲ್ಲಿ 'ಬಿಐಎಸ್ ಕೇರ್' ಆ್ಯಪ್ ಹಾಕಿಸಿ, ಸಂಖ್ಯೆ ಒತ್ತಿದರೆ ಒಡವೆ ಯಾವುದು, ಶುದ್ಧತೆ ಎಷ್ಟು ಅಂತ ಬರುತ್ತದೆ. ಕೈಯಲ್ಲಿರುವುದು ಉಂಗುರ, ಫೋನಿನಲ್ಲಿ ಬಳೆ ಅಂತ ಬಂದರೆ ಅಲ್ಲೇ ಕೇಳಿ.

ಬಹಳ ಮಂದಿಗೆ ಗೊತ್ತಿಲ್ಲದ ಮಾತು ಇದು: 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಬಡವರು ಕೊಳ್ಳುವ ಉಂಗುರ, ತಾಳಿ ಗುಂಡು ಹೆಚ್ಚಾಗಿ ಇದರೊಳಗೇ ಬರುತ್ತವೆ! ಆದ್ದರಿಂದ ಸಾಧ್ಯವಿದ್ದರೆ 2 ಗ್ರಾಂ ದಾಟಿದ್ದನ್ನೇ ತಗೊಳ್ಳಿ. ಆಗದಿದ್ದರೆ ಎಷ್ಟು ಕ್ಯಾರೆಟ್ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

4. ತೂಕ, ಮಜೂರಿ, ಬಿಲ್ಲು

ತೊಲಿ ಲೆಕ್ಕದಲ್ಲಿ ಮಾತಾಡಬೇಡಿ. ಹಳೇ ತೊಲಿ 11.66 ಗ್ರಾಂ, ಈಗಿನ ಅಂಗಡಿಯ ತೊಲಿ ಸಾಮಾನ್ಯವಾಗಿ 10 ಗ್ರಾಂ. ಗ್ರಾಂನಲ್ಲೇ ಕೇಳಿ.

ಹರಳಿನ ಉಂಗುರಕ್ಕೆ ಹರಳಿನ ತೂಕ ಕಳೆಯಬೇಕು. ಲೆಕ್ಕ ಸುಲಭವಾಗಲಿ ಅಂತ ಗ್ರಾಂಗೆ 10,000 ರೂಪಾಯಿ ಇಟ್ಟುಕೊಳ್ಳೋಣ. ಉಂಗುರ 4 ಗ್ರಾಂ, ಅದರಲ್ಲಿ ಹರಳು ಅರ್ಧ ಗ್ರಾಂ.

ಬಂಗಾರ 3.5 ಗ್ರಾಂ: 35,000
ಮಜೂರಿ ನೂರಕ್ಕೆ 12ರಂತೆ: 4,200
ಜಿಎಸ್‌ಟಿ ನೂರಕ್ಕೆ 3ರಂತೆ: 1,176
ಒಟ್ಟು: 40,376 ರೂಪಾಯಿ

ಹರಳಿನ ಬೆಲೆ, ಹಾಲ್‌ಮಾರ್ಕ್ ಶುಲ್ಕ ಬೇರೆ. ಹರಳನ್ನೂ ಬಂಗಾರದ ತೂಕಕ್ಕೆ ಹಿಡಿದರೆ 46,144 ಆಗುತ್ತದೆ. ಗಾಜಿನ ಚೂರಿಗೆ 5,768 ರೂಪಾಯಿ ಕೊಟ್ಟಂತಾಯಿತು. ಮುಂದೆ ಕಷ್ಟಕಾಲಕ್ಕೆ ಅಡ ಇಡಲು ಹೋದಾಗ ಬ್ಯಾಂಕಿನವರು ಹರಳಿನ ತೂಕ ತೆಗೆದೇ ಲೆಕ್ಕ ಹಾಕುತ್ತಾರೆ. ಮಜೂರಿಯೂ ಅಲ್ಲಿ ವಾಪಸ್ ಬರುವುದಿಲ್ಲ. ಮಜೂರಿ ಅಂಗಡಿಯಿಂದ ಅಂಗಡಿಗೆ ಬೇರೆ ಇರುತ್ತದೆ, ಚೌಕಾಸಿ ಮಾಡಲು ನಾಚಿಕೆ ಬೇಡ. ಕಲಬುರಗಿಯ ಸರಾಫ್ ಬಜಾರಿಗೆ ಹೋದರೂ, ಊರ ಪತ್ತಾರರ ಹತ್ತಿರ ಹೋದರೂ ಎರಡು ಕಡೆ ವಿಚಾರಿಸಿ.

"ಬಿಲ್ಲು ಬ್ಯಾಡ, ಕಡಿಮಿ ಮಾಡ್ತೀನಿ" ಅಂದರೆ ಒಪ್ಪಬೇಡಿ. ಬಿಲ್ಲಿನಲ್ಲಿ ಬಂಗಾರದ ನಿವ್ವಳ ತೂಕ, ಕ್ಯಾರೆಟ್, ಹಾಲ್‌ಮಾರ್ಕ್ ಶುಲ್ಕ ಬೇರೆಬೇರೆ ಕಾಣಬೇಕು. ಹಾಲ್‌ಮಾರ್ಕ್ ಒಡವೆಯಲ್ಲಿ ಹೇಳಿದಷ್ಟು ಬಂಗಾರ ಇಲ್ಲವೆಂದು ಪರೀಕ್ಷೆಯಲ್ಲಿ ತಿಳಿದರೆ, ಕಡಿಮೆ ಬಿದ್ದ ಮೊತ್ತದ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚು ಕೊಳ್ಳುವವರಿಗೆ ಸಿಗಬೇಕು ಅಂತ ಬಿಐಎಸ್ ನಿಯಮ ಇದೆ. ಬಿಲ್ಲಿಲ್ಲದೆ ಅದನ್ನು ಕೇಳುವುದು ಹೇಗೆ? ಗ್ರಾಹಕರ ಸಹಾಯವಾಣಿ 1915.

ಕಡೇ ಮಾತು

ಉಂಗುರ ಬಂಗಾರದ್ದೇ ಆಗಬೇಕು ಅಂತ ಚರ್ಚಿನ ಕಟ್ಟಳೆಯೂ ಇಲ್ಲ, ಸರಕಾರದ ಕಾನೂನೂ ಇಲ್ಲ. ಬೆಳ್ಳಿಯದಾದರೂ ನಡೆಯುತ್ತದೆ. ಮದುವೆ ನಿಲ್ಲುವುದು ಹುಡುಗ-ಹುಡುಗಿ ಮನಸಾರೆ ಕೊಟ್ಟ ಒಪ್ಪಿಗೆಯ ಮೇಲೆ, ಬೆರಳಿನ ಗ್ರಾಂ ಮೇಲಲ್ಲ. ಸಾಲ ಇಲ್ಲದೆ ತಂದ ಎರಡು ಗ್ರಾಂ ಉಂಗುರ ಹಾಕಿಕೊಂಡ ಮಗಳು ನೆಮ್ಮದಿಯಿಂದ ಮಲಗುತ್ತಾಳೆ, ತಾಯಿಯೂ ಮಲಗುತ್ತಾಳೆ.

ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿರಿ:

* ಕಳೆದ ವರ್ಷ ನಮ್ಮ ಸಂಘದಲ್ಲಿ ಒಡವೆಗೆಂದು ಎಷ್ಟು ಸಾಲ ಹೋಗಿದೆ? ಎಷ್ಟು ವಾಪಸ್ ಬಂದಿದೆ?
* ನಮ್ಮ ಮೈಮೇಲಿನ ಒಡವೆಗಳಲ್ಲಿ ಮೂರೂ ಗುರುತು ಯಾವುದಕ್ಕಿದೆ? ಒಬ್ಬರ ಫೋನಿನಲ್ಲಿ ಎಲ್ಲರೂ ಕೂಡಿ ನೋಡಿರಿ.
* ಉಂಗುರಕ್ಕಾಗಿ ಬೀಗರು ಒತ್ತಾಯ ಮಾಡಿದರೆ ಸಂಘ ಆ ಮನೆಯ ಬೆನ್ನಿಗೆ ಹೇಗೆ ನಿಲ್ಲಬೇಕು?