ಎಸ್‌ಕ್ಯೂಎಲ್ ಆದೇಶಗಳಲ್ಲಿ ಟಿಪ್ಪಣಿ ಬರೆಯುವ ಕ್ರಮ

ದತ್ತಾಂಶ ಸಂಚಯದಿಂದ ಮಾಹಿತಿ ಪಡೆಯುವ ಎಸ್‌ಕ್ಯೂಎಲ್ ಆದೇಶದಲ್ಲಿ ಎರಡು ಅಡ್ಡಗೆರೆಗಳ (--) ನಂತರ ಸಾಲಿನ ಕೊನೆಯವರೆಗೆ ಬರೆದುದನ್ನು ಗಣಕಯಂತ್ರವು ಪರಿಗಣಿಸುವುದಿಲ್ಲ. ಹಲವು ಸಾಲುಗಳ ಟಿಪ್ಪಣಿಯನ್ನು /* ಮತ್ತು */ ಚಿಹ್ನೆಗಳ ನಡುವೆ ಬರೆಯತಕ್ಕದ್ದು.

ಟಿಪ್ಪಣಿಯ ಅಗತ್ಯಕ್ಕೆ ಹೇರೋಹಳ್ಳಿಯನ್ನೇ ಉದಾಹರಿಸಬಹುದು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 2009ರ ವಿಂಗಡಣೆಯ 198 ವಾರ್ಡುಗಳ ಪೈಕಿ ಹೇರೋಹಳ್ಳಿಯ ಸಂಖ್ಯೆ 72 ಆಗಿತ್ತು. 2023ರಲ್ಲಿ ವಾರ್ಡುಗಳನ್ನು 225ಕ್ಕೆ ಮರುವಿಂಗಡಿಸಲಾಯಿತು. 2025ರಲ್ಲಿ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದವು. ಹಳೆಯ ಆದೇಶದಲ್ಲಿ ‘ವಾರ್ಡ್ = 72’ ಎಂಬ ಷರತ್ತು ಮಾತ್ರವಿದ್ದಲ್ಲಿ, ಹೊಸ ಪಟ್ಟಿಯ ಮೇಲೆಯೂ ಅದು ಯಾವ ದೋಷವನ್ನೂ ತೋರದೆ ನಡೆಯುತ್ತದೆ. ಆದರೆ ದೊರೆಯುವ ತೆರಿಗೆ ಬಾಕಿಯ ಪಟ್ಟಿ ಬೇರೊಂದು ಬಡಾವಣೆಯದಾಗಿರಬಹುದು. ಆದ್ದರಿಂದ ಷರತ್ತಿನ ಪಕ್ಕದಲ್ಲಿ ಹೀಗೆ ನಮೂದಿಸುವುದು:

-- ಹೇರೋಹಳ್ಳಿ, 2009ರ ವಿಂಗಡಣೆಯಂತೆ

ದಿನವಹಿಯ ಪ್ರತಿ ನಮೂದಿನ ಕೆಳಗೆ ಬರೆಯುವ ವಿವರಣೆಯೂ ಇಂಥದ್ದೇ. ಮೊತ್ತವು ಅಂಕಣದಲ್ಲಿಯೇ ಕಾಣುತ್ತದೆ, ಕಾರಣವನ್ನು ಬರೆಯಬೇಕು. ‘ವಾರ್ಡ್ 72ನ್ನು ಆರಿಸಿದೆ’ ಎಂಬಂತಹ ಟಿಪ್ಪಣಿಯಿಂದ ಪ್ರಯೋಜನವಿಲ್ಲ.

ದಾಖಲೆ ತಿದ್ದುವ ಆದೇಶದಲ್ಲಿ ಷರತ್ತಿನ ಸಾಲಿನ ಮುಂದೆ ಅಡ್ಡಗೆರೆಗಳು ಉಳಿದಲ್ಲಿ ಆ ಷರತ್ತು ರದ್ದಾಗಿ, ಕೋಷ್ಟಕದ ಎಲ್ಲ ದಾಖಲೆಗಳೂ ಬದಲಾಗುತ್ತವೆ. ಮೈಎಸ್‌ಕ್ಯೂಎಲ್ ಬಳಸುವವರು ಅಡ್ಡಗೆರೆಗಳ ನಂತರ ಒಂದು ಅಕ್ಷರದಷ್ಟು ಸ್ಥಳವನ್ನು ಖಾಲಿ ಬಿಡತಕ್ಕದ್ದು.