ದೋಣಿಯ ಉಕ್ಕನ್ನು ಪರೀಕ್ಷಿಸುವ ಬಗೆ

ಕಡಲಿನ ಮೇಲೆ ಸಂಚರಿಸುವವರ ಪ್ರಾಣವು ಎಷ್ಟೋ ವೇಳೆ ಬೆರಳುಗಾತ್ರದ ಒಂದು ಬೋಲ್ಟನ್ನು ನಂಬಿಕೊಂಡಿರುತ್ತದೆ. ಹಾಯಿದೋಣಿಯ ಕೂವೆಮರವನ್ನು ಎಳೆದು ನಿಲ್ಲಿಸುವ ತಂತಿಹಗ್ಗ, ಆ ಹಗ್ಗವನ್ನು ದೋಣಿಯ ಒಡಲಿಗೆ ಬಂಧಿಸುವ ಪಟ್ಟಿ, ಲಂಗರಿನ ಕೊಂಡಿ — ಇವುಗಳಲ್ಲಿ ಯಾವುದೊಂದು ಮುರಿದರೂ ಅಪಾಯವು ತಪ್ಪಿದ್ದಲ್ಲ. ಈ ಸಾಮಾನುಗಳನ್ನು ಇಂದು ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲಿನಿಂದ ಮಾಡುತ್ತಾರೆ. ಹೊಳೆಯುವುದೆಲ್ಲವೂ ಒಂದೇ ಗುಣದ್ದಲ್ಲವಾದುದರಿಂದ ಅದನ್ನು ಪರೀಕ್ಷಿಸುವ ಕ್ರಮವನ್ನು ನಾವು ತಿಳಿದಿರಬೇಕು.

ಈ ಉಕ್ಕಿನಲ್ಲಿ ನೂರಕ್ಕೆ ಸುಮಾರು ಹತ್ತೂವರೆ ಪಾಲಿಗೆ ಕಡಮೆಯಿಲ್ಲದಂತೆ ಕ್ರೋಮಿಯಂ ಬೆರೆತಿರುತ್ತದೆ. ಗಾಳಿಯ ಆಮ್ಲಜನಕದೊಡನೆ ಅದು ಕೂಡಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಾಗಿ ಲೋಹವನ್ನು ಕಾಪಾಡುತ್ತದೆ. ಪೊರೆಯು ಗೀರಿದರೆ ತಾನೇ ಮತ್ತೆ ಕೂಡಿಕೊಳ್ಳುವುದು. ಆದರೆ ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡು ಅದನ್ನು ಅಲ್ಲಲ್ಲಿ ಕೊರೆಯುತ್ತದೆ. 304 ಎಂಬ ಸಾಮಾನ್ಯ ಜಾತಿಯ ಉಕ್ಕು ಇದನ್ನು ಬಹುಕಾಲ ತಡೆಯಲಾರದು. 316 ಎಂಬುದರಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾಲಿಬ್ಡಿನಮ್ ಇರುವುದರಿಂದ ಅದು ಹೆಚ್ಚು ತಾಳುತ್ತದೆ.

ಸೂಜಿಗಲ್ಲು ಅಂಟದಿದ್ದರೆ ಮಾಲು ಒಳ್ಳೆಯದೆಂಬ ನಂಬಿಕೆಯು ಜನರಲ್ಲುಂಟು. ಇದು ಅರ್ಧ ಸತ್ಯ. ಬಲವಾಗಿ ಅಂಟಿದರೆ ಸಂಶಯಪಡುವುದು ಯುಕ್ತವೇ. ಆದರೆ 304 ಮತ್ತು 316 ಎರಡೂ ಸಾಮಾನ್ಯವಾಗಿ ಸೂಜಿಗಲ್ಲಿಗೆ ಅಂಟುವುದಿಲ್ಲ. ಮೇಲಾಗಿ, ತಣ್ಣಗಿರುವಾಗಲೇ ಬಗ್ಗಿಸಿದ ಅಥವಾ ಎರಕ ಹೊಯ್ದ ಒಳ್ಳೆಯ ಉಕ್ಕೂ ಅಲ್ಪಸ್ವಲ್ಪ ಸೆಳೆಯಲ್ಪಡಬಹುದು. ಆದುದರಿಂದ ಬೋಲ್ಟಿನ ತಲೆಯ ಮೇಲಿನ ಗುರುತನ್ನು ನೋಡಬೇಕು. ಎ2 ಎಂದಿದ್ದರೆ 304ರ ವರ್ಗ. ಎ4 ಎಂದಿದ್ದರೆ 316ರ ವರ್ಗ. ಗುರುತಿಲ್ಲದ ಮಾಲಿನಲ್ಲಿ ಮಾಲಿಬ್ಡಿನಮ್ ಇದೆಯೇ ಎಂಬುದನ್ನು ರಾಸಾಯನಿಕ ದ್ರವದ ಒಂದು ಹನಿಯಿಂದ ಪರೀಕ್ಷಿಸುವ ಉಪಾಯವೂ ಉಂಟು.

ಅನಂತರ ಕೆಲಸಗಾರಿಕೆಯನ್ನು ಗಮನಿಸಬೇಕು. ಮೈ ನುಣುಪಾದಷ್ಟೂ ಉಪ್ಪು ನಿಲ್ಲುವುದಕ್ಕೆ ಎಡೆ ಕಡಮೆ. ಬೆಸುಗೆಯ ಬಳಿ ನೀಲಿ ಅಥವಾ ಕಂದು ಛಾಯೆಯನ್ನು ಹಾಗೆಯೇ ಬಿಟ್ಟಿದ್ದರೆ ಅಲ್ಲಿ ಪೊರೆಯು ದುರ್ಬಲವಾಗಿದೆಯೆಂದು ತಿಳಿಯಬೇಕು. ಎರಕದಲ್ಲಿ ಸೂಜಿಮೊನೆಯಷ್ಟು ರಂಧ್ರಗಳಿದ್ದರೂ ಅಂಥದನ್ನು ಕೊಳ್ಳಬಾರದು.

ಉತ್ತಮವಾದ ಉಕ್ಕಿಗೂ ಒಂದು ಶತ್ರುವುಂಟು: ಗಾಳಿಯಾಡದ ತೇವ. ಹಲಗೆಯೊಳಗೆ ಹುದುಗಿದ ಪಟ್ಟಿಗೆ ಆಮ್ಲಜನಕವು ದೊರೆಯದ ಕಾರಣ ಪೊರೆಯು ಮತ್ತೆ ಹುಟ್ಟದು; ಹೊರಗೆ ಕನ್ನಡಿಯಂತಿದ್ದರೂ ಒಳಗೆ ಲೋಹವು ಸವೆಯುತ್ತಿರುತ್ತದೆ. ಮೇಲುಗಡೆಯ ಕಂದು ಕಲೆಯು ಒರಸಿದರೆ ಹೋಗುವಂಥದಾದರೆ ಅಷ್ಟು ಭಯವಿಲ್ಲ. ಸಂದಿನಿಂದ ಕಂದುನೀರು ಒಸರಿದರೆ ಮಾತ್ರ ಉದಾಸೀನ ಸಲ್ಲದು. ಕೊಳ್ಳುವಾಗ ಗುರುತನ್ನು ನೋಡುವಂತೆಯೇ, ಕೊಂಡ ಮೇಲೆ ಆಗಾಗ ಬೋಲ್ಟುಗಳನ್ನು ಬಿಚ್ಚಿ, ಬಿರುಕುಗಳಿವೆಯೇ ಎಂದು ಭೂತಗನ್ನಡಿಯಿಂದ ನೋಡುವುದೂ ಅವಶ್ಯಕ. ಕಣ್ಣಿಗೆ ಕಾಣುವ ಭಾಗದ ಹೊಳಪನ್ನು ಮೆಚ್ಚಿ ಕಾಣದ ಭಾಗವನ್ನು ಮರೆತವರಿಗೆ, ಗಾಳಿಯೆದ್ದ ದಿನ ಅದನ್ನು ನೋಡಲು ಅವಕಾಶವಿರುವುದಿಲ್ಲ.